ಜೇನು ಪೆಟ್ಟಿಗೆಗೆ ಎಂಥ ಅಂಟು ಬೇಕು

ಈಗಿನ ಹುಡುಗರು ಜೇನು ಪೆಟ್ಟಿಗೆಯನ್ನು ತಾವೇ ಮಾಡಿಕೊಳ್ಳುತ್ತಿರುವುದು ಸಂತೋಷದ ಸಂಗತಿಯೇ. ಆದರೆ ಹಲಗೆ ಆರಿಸುವಾಗ ಇರುವ ಶ್ರದ್ಧೆಯಲ್ಲಿ ಕಾಲುಪಾಲೂ ಅಂಟು ಆರಿಸುವಾಗ ಇರುವುದಿಲ್ಲ ಎಂಬುದು ನನ್ನ ತಕರಾರು. ಕಪಾಟು ಮಾಡಿಸಿದಾಗ ಮಿಕ್ಕಿದ್ದ ಬಿಳಿ ಅಂಟಿನ ಡಬ್ಬವನ್ನು ಅಟ್ಟದಿಂದ ಇಳಿಸಿ, ಮೂಲೆಗಳಿಗೆ ಸವರಿ, ಮೊಳೆ ಬಡಿದು ತೋಟದಲ್ಲಿ ಇಟ್ಟು ಬರುತ್ತಾರೆ. ಮಲೆನಾಡಿನ ಆಷಾಢದ ಮಳೆಗೆ ಆ ಅಂಟು ಮತ್ತೆ ಬೆಳ್ಳಗಾಗಿ ಮೆತ್ತಗಾಗುತ್ತದೆ, ಸಂದು ಬಾಯಿ ಬಿಡುತ್ತದೆ. ಆಮೇಲೆ ಜೇನಿನ ಕುಟುಂಬ ಹಾರಿಹೋಯಿತೆಂದು ಹುಳುವನ್ನೇ ದೂರುತ್ತಾರೆ.

ಹೊರದೇಶದಿಂದ ಬಂದ ಮೆಲ್ಲಿಫೆರಾ ಜೇನು ಗಿಡಮರಗಳ ರಾಳವನ್ನು ತಂದು ಪೆಟ್ಟಿಗೆಯ ಬಿರುಕುಗಳನ್ನು ತಾನೇ ಮೆತ್ತಿಕೊಳ್ಳುತ್ತದೆ. ನಮ್ಮ ನಾಡಜೇನು ತುಡುವೆಗೆ ಆ ರೂಢಿಯಿಲ್ಲ. ಆದ್ದರಿಂದ ನೀವು ಬಿಟ್ಟ ಸಂದು ಹಾಗೆಯೇ ಉಳಿದು, ಮೇಣದ ಚಿಟ್ಟೆಗೆ ಮೊಟ್ಟೆಯಿಡುವ ಜಾಗವೂ ಇರುವೆಗೆ ದಾರಿಯೂ ಆಗುತ್ತದೆ. 1910ರ ದಶಕದಲ್ಲಿ ಪಾದ್ರಿ ನ್ಯೂಟನ್ ತುಡುವೆಗೆಂದೇ ರೂಪಿಸಿದ ಸಣ್ಣ ಪೆಟ್ಟಿಗೆಯನ್ನೇ ಮಾಡಿ, ದೊಡ್ಡದನ್ನೇ ಮಾಡಿ, ಈ ಮಾತು ಬದಲಾಗುವುದಿಲ್ಲ.

ನನ್ನ ತಂದೆಯ ಕಾಲದಲ್ಲಿ ಆಚಾರಿಯು ಸರೇಸಿನ, ಅಂದರೆ ಪ್ರಾಣಿಗಳ ಚರ್ಮ-ಮೂಳೆಯಿಂದ ಮಾಡಿದ ಅಂಟಿನ, ಡಬ್ಬವನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕರಗಿಸುತ್ತಿದ್ದ. ಆ ಚರ್ಮ-ಮೂಳೆಯ ವಾಸನೆಗೆ ಅಜ್ಜಿ ಒಲೆಯನ್ನು ಕೊಟ್ಟಿಗೆಯ ಹಿಂದಕ್ಕೆ ಸಾಗಿಸುತ್ತಿದ್ದಳು. ಒಳಮನೆಯ ಕುರ್ಚಿಗೆ ಅದು ತಲೆಮಾರು ಬಾಳುತ್ತಿತ್ತು, ಆದರೆ ತೇವಕ್ಕೆ ತಡೆಯುತ್ತಿರಲಿಲ್ಲ. ಇಂದು ಡಬ್ಬದ ಮೇಲೆ ಜಲನಿರೋಧಕವೆಂದು, ಅಥವಾ ನೀರು ತಡೆಯುವ ಶಕ್ತಿಗೆ ಯುರೋಪಿನವರು ಇಟ್ಟ ಅಳತೆಯಂತೆ ಡಿ3, ಡಿ4 ಎಂದು ಬರೆದಿರುವ ಮರದ ಅಂಟು ಸಿಗುತ್ತದೆ, ಕೊಳ್ಳಬೇಕಾದದ್ದು ಅದನ್ನು. ಡಿ2 ಒಳಮನೆಯ ಕೆಲಸಕ್ಕೆ. ಪಾಲಿಯುರೆಥೇನ್ ಅಂಟೂ ನೀರಿಗೆ ಹೆದರುವುದಿಲ್ಲ, ಆದರೆ ನೊರೆಯುಬ್ಬಿ ಹೊರಬಂದು ಕೈಗೆ ಹತ್ತಿದರೆ ಆ ಕಲೆ ಚರ್ಮ ಸವೆದ ಮೇಲೆಯೇ ಹೋಗುವುದು. ಎರಡು ಭಾಗ ಬೆರೆಸಿ ಹಚ್ಚುವ ಎಪಾಕ್ಸಿ ಅಂಟು ದುಬಾರಿ, ಸಡಿಲವಾದ ಸಂದು ತುಂಬಲು ಮಾತ್ರ ಇರಲಿ.

ಇನ್ನು ನಾನು ಎಂದೂ ಬಿಡದ ಒಂದು ಕ್ರಮವಿದೆ, ಇದನ್ನು ಯಾರೂ ತಾಳ್ಮೆಯಿಂದ ಮಾಡುವುದಿಲ್ಲ. ಹಲಗೆಯ ಕೊಯ್ದ ತುದಿ, ಅಂದರೆ ಎಳೆಗಳು ಬಾಯಿ ತೆರೆದಿರುವ ಬದಿ, ಅಂಟನ್ನು ಕುಡಿದುಬಿಡುತ್ತದೆ. ಮೇಲೆ ಉಳಿಯುವುದು ಬರೀ ಹೊಳಪು. ಆದ್ದರಿಂದ ಮೊದಲು ಸ್ವಲ್ಪ ಅಂಟನ್ನು ತೆಂಗಿನ ಚಿಪ್ಪಿನಲ್ಲಿ ತೆಗೆದುಕೊಂಡು, ನೀರು ಬೆರೆಸಿ ಗಟ್ಟಿ ಮಜ್ಜಿಗೆಯ ಹದಕ್ಕೆ ತನ್ನಿ. ಗಿಡ್ಡ ಕೂದಲಿನ ಹಳೆಯ ಕುಂಚದಿಂದ ಆ ತುದಿಗಳಿಗೆ ಮಾತ್ರ ತಿಕ್ಕಿ ತಿಕ್ಕಿ ಹಚ್ಚಿ. ಸವರಿದರೆ ಸಾಲದು, ಎಳೆಯೊಳಗೆ ಇಳಿಯಬೇಕು. ಬೆರಳಿಟ್ಟರೆ ಅಂಟಂಟಾಗಿ, ಒರೆಸಿದರೆ ಬಾರದಂತಾದಾಗ ನೀರು ಬೆರೆಸದ ಅಂಟನ್ನು ಎರಡೂ ಮೈಗೆ ತೆಳುವಾಗಿ ಹಚ್ಚಿ ಕೂಡಿಸಿ. ಬಿಗಿದಾಗ ಸಂದಿನುದ್ದಕ್ಕೂ ಸಣ್ಣ ಹನಿಗಳ ಸಾಲು ಮೂಡಬೇಕು. ಮೂಡದಿದ್ದರೆ ಬಿಚ್ಚಿ ಮತ್ತೆ ಹಚ್ಚಿ, ಧಾರೆಯಾಗಿ ಇಳಿದರೆ ಕೈ ಹೆಚ್ಚಾಯಿತೆಂದು ತಿಳಿಯಿರಿ. ಆ ಹನಿಗಳನ್ನು ಒದ್ದೆ ಬಟ್ಟೆಯಿಂದ ಕೂಡಲೇ ಒರೆಸಿ, ಅಡುಗೆಮನೆಯ ಕೈಬಟ್ಟೆಯಿಂದಲ್ಲ. ಅದೇ ಬಟ್ಟೆಯಲ್ಲಿ ಉಪ್ಪಿನಕಾಯಿ ಭರಣಿ ಒರೆಸುವ ಮಹಾನುಭಾವರನ್ನೂ ನಾನು ಕಂಡಿದ್ದೇನೆ.

ಅಂಟು ಹಸಿಯಿರುವಾಗಲೇ ಮೂಲೆಯಿಂದ ಮೂಲೆಗೆ ದಾರ ಹಿಡಿದು ಎರಡೂ ಕರ್ಣ ಸಮವಿವೆಯೇ ನೋಡಿ, ವಾರೆಯಾದ ಪೆಟ್ಟಿಗೆಯಲ್ಲಿ ಹುಳು ಎರಿ, ಅಂದರೆ ಮೇಣದ ಗೂಡು, ಕಟ್ಟುವ ಚೌಕಟ್ಟು ಕೂರುವುದಿಲ್ಲ. ಬಿಗಿದದ್ದನ್ನು ಒಂದು ಇಡೀ ಹಗಲು-ರಾತ್ರಿ ಮುಟ್ಟಬೇಡಿ. ತೇಗದ ಹಲಗೆಯಾದರೆ ಅದರ ಎಣ್ಣೆಯ ಅಂಶ ಅಂಟನ್ನು ದೂಡುತ್ತದೆ. ತೋಪಡಾ ಹೊಡೆದು ಹೊಸ ಮೈ ತಂದು, ಸ್ಪಿರಿಟ್‌ನಿಂದ ಒರೆಸಿ ಆರಿಸಿ ಅದೇ ದಿನ ಅಂಟಿಸಿ. ಹಲಗೆ ಯಾವುದೇ ಇರಲಿ, ಅದು ಒಣಗಿರಬೇಕಾದ್ದರಿಂದ ಈ ಕೆಲಸ ಬೇಸಗೆಯದು. ಮೊಳೆಯನ್ನು ಬಿಡಲೇಬೇಡಿ, ಅದರಲ್ಲೂ ಚೌಕಟ್ಟಿನ ಮೇಲುಪಟ್ಟಿಗೆ; ಜೇನುತುಪ್ಪ ತುಂಬಿದ ಎರಿಯನ್ನು ಎತ್ತುವಾಗ ಅಷ್ಟೂ ಭಾರ ಆ ಕೀಲಿನ ಮೇಲೆಯೇ ಬೀಳುತ್ತದೆ.

ಪೆಟ್ಟಿಗೆಯ ಬಣ್ಣ ಹೊರಗೋಡೆಗೆ ಮಾತ್ರ. ಒಳಗೆ ಹಳೆಯ ಎರಿಯ ಮೇಣವನ್ನು ಉಜ್ಜಿ, ಮುಚ್ಚಳ ತೆಗೆದು ನೆರಳಿನ ಗಾಳಿಯಲ್ಲಿ ಇಟ್ಟುಬಿಡಿ. ಮೂಗು ಒಳಗಿಟ್ಟು ನೋಡಿದಾಗ ಮರ ಮತ್ತು ಮೇಣದ ಹೊರತು ಬೇರೆ ವಾಸನೆ ಬರಬಾರದು. ಬಂದರೆ ಇನ್ನೂ ಕೆಲವು ದಿನ ಇರಲಿ, ಕುಟುಂಬ ಹಿಡಿದು ತುಂಬುವ ಅವಸರ ಬೇಡ.