ಸಾಲಿನ ಕೊನೆಯವನೇ ಫಸ್ಟು

ಮಂಡ್ಯದ ಒಂದು ಡಿಗ್ರಿ ಕಾಲೇಜಿನಲ್ಲಿ ಹುಡುಗರನ್ನು ಆಡಿಸುವುದು ನನ್ನ ಕೆಲಸ. ತಂಡ ಕಟ್ಟುವಾಗ ಯಾರಿಗೆ ದಮ್ಮಿದೆ ಅಂತ ಇಷ್ಟು ವರ್ಷ ಕಣ್ಣಳತೆಯಲ್ಲೇ ಹೇಳಿಕೊಂಡು ಬಂದಿದ್ದೆ. ಒಂದು ಸಲ ಅಳೆದೇ ನೋಡೋಣ ಅನ್ನಿಸಿತು.

ದಮ್ಮನ್ನು ಅಂಕಿಯಲ್ಲಿ ಹೇಳುವುದಾದರೆ ವಿಓ2 ಮ್ಯಾಕ್ಸ್: ಪೂರ್ತಿ ಶಕ್ತಿ ಹಾಕಿ ದುಡಿಯುವಾಗ ದೇಹ ನಿಮಿಷಕ್ಕೆ, ಕಿಲೋ ತೂಕಕ್ಕೆ, ಎಷ್ಟು ಮಿಲಿಲೀಟರ್ ಆಮ್ಲಜನಕ ಬಳಸಬಲ್ಲದು ಅನ್ನುವ ಲೆಕ್ಕ. ನಿಜವಾಗಿ ಅಳೆಯಬೇಕೆಂದರೆ ಮುಖಕ್ಕೆ ಮಾಸ್ಕ್ ಹಾಕಿ ಟ್ರೆಡ್‌ಮಿಲ್ ಮೇಲೆ ಓಡಿಸಬೇಕು. 1920ರ ದಶಕದಲ್ಲಿ ಇಂಗ್ಲೆಂಡಿನ ಶರೀರಶಾಸ್ತ್ರಜ್ಞ ಎ. ವಿ. ಹಿಲ್ ಉಸಿರು ಹಿಡಿಯುವ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಹುಲ್ಲಿನ ಮೇಲೆ ತಾವೇ ಓಡಿದ್ದರು. ನನ್ನ ಹತ್ತಿರ ಮಾಸ್ಕೂ ಇಲ್ಲ, ಚೀಲವೂ ಇಲ್ಲ. ಹಾಗಾಗಿ ನ್ಯೂಯಾರ್ಕಿನ ಕ್ವೀನ್ಸ್ ಕಾಲೇಜಿನವರು 1970ರ ದಶಕದಲ್ಲಿ ರೂಪಿಸಿದ ಸ್ಟೆಪ್ ಟೆಸ್ಟ್ ಹಿಡಿದೆ. 16.25 ಇಂಚು ಎತ್ತರದ ಬೆಂಚು, ನಿಮಿಷಕ್ಕೆ 24 ಸಲದಂತೆ 3 ನಿಮಿಷ ಹತ್ತಿ ಇಳಿಯುವುದು. ಹುಡುಗಿಯರಿಗೆ 22, ಸೂತ್ರವೂ ಬೇರೆ.

ಬಡಗಿ, "ಹದಿನಾರೇ ಮಾಡ್ಬುಡ್ತೀನಿ ಸಾ, ಕಾಲಿಂಚು ಯಾವ ಲೆಕ್ಕ?" ಅಂದ. ಬಿಡಲಿಲ್ಲ. ನಾಲ್ವರು ಒಟ್ಟಿಗೆ ಹತ್ತುವಷ್ಟು ಉದ್ದದ ಬೆಂಚು ಮಾಡಿಸಿದೆ. ಆ ಉದ್ದವೇ ಆಮೇಲೆ ಕೈಕೊಟ್ಟಿತು.

ಮೊದಲು ತಾಳದ ತಾಪತ್ರಯ. ಹತ್ತಲು ಎರಡು ಹೆಜ್ಜೆ, ಇಳಿಯಲು ಎರಡು, ಅಂದರೆ ನಿಮಿಷಕ್ಕೆ 96 ಏಟು. ಮೊಬೈಲಿನ ಟಿಕ್ ಟಿಕ್ ಬಯಲಲ್ಲಿ ಕೇಳಲಿಲ್ಲ. ಊರ ಹಬ್ಬದಲ್ಲಿ ತಮಟೆ ಬಡಿಯುವ ಹುಡುಗನೊಬ್ಬನ ಕೈಗೆ ಬಕೆಟ್ ಕೊಟ್ಟೆ. ಒಂದು ನಿಮಿಷ ಚೆನ್ನಾಗಿಯೇ ಬಡಿದ. ಆಮೇಲೆ ಇವರು ಏದುಸಿರು ಬಿಟ್ಟಷ್ಟೂ ಅವನಿಗೆ ಆವೇಶ ಬಂದು, ಬೆಂಚಿನ ಮೇಲೆ ಮಾರಮ್ಮನ ಹಬ್ಬವೇ ಆಗಿಹೋಯಿತು. ಮಾರನೇ ದಿನ ಸ್ಪೀಕರ್ ತಂದೆ.

ಟೆಸ್ಟ್ ಮುಗಿದ ಮೇಲೆ ಹುಡುಗ ನಿಂತೇ ಇರಬೇಕು. 5ನೇ ಸೆಕೆಂಡಿನಿಂದ 20ನೇ ಸೆಕೆಂಡಿನವರೆಗೆ ನಾಡಿ ಎಣಿಸಿ ನಾಲ್ಕರಿಂದ ಗುಣಿಸಬೇಕು. ಅದನ್ನು 0.42ರಿಂದ ಗುಣಿಸಿ 111.33ರಲ್ಲಿ ಕಳೆದರೆ ಉತ್ತರ; ಬಡಿತ ಕಮ್ಮಿ ಇದ್ದಷ್ಟೂ ಅಂಕಿ ಜಾಸ್ತಿ. ನಾನು ಸಾಲಿನ ಈ ತುದಿಯಿಂದ ಒಬ್ಬೊಬ್ಬರದೇ ಮಣಿಕಟ್ಟು ಹಿಡಿಯುತ್ತಾ ಹೋದೆ. ಪಾಂಡವಪುರ ಕಡೆಯ, ರಜೆಯಲ್ಲಿ ಕಬ್ಬು ಕಡಿಯುವ ಹುಡುಗನಿಗೆ 31 ಬಡಿತ, ಅಂದರೆ ನಿಮಿಷಕ್ಕೆ 124. ಲೆಕ್ಕ 59.25 ಅಂದಿತು. ಪಳಗಿದ ಓಟಗಾರರ ಅಂಕಿ! ಖುಷಿಯಲ್ಲಿ ನೋಟಿಸ್ ಬೋರ್ಡಿಗೇ ಹಾಕಿಬಿಟ್ಟೆ.

ರಾತ್ರಿ ಮನೆಯಲ್ಲಿ ಹಾಳೆ ಹರಡಿಕೊಂಡು ಕೂತಾಗ ಕಣ್ಣಿಗೆ ಬಿತ್ತು. ಮೂರು ಸಾಲು ಹತ್ತಿಸಿದ್ದೆ, ಮೂರರಲ್ಲೂ ನಾಲ್ಕನೆಯವನೇ ಫಸ್ಟು.

ನಾನೊಬ್ಬನೇ ಎಣಿಸುತ್ತಾ ಹೋಗಿ ನಾಲ್ಕನೆಯವನ ಕೈ ಹಿಡಿಯುವ ಹೊತ್ತಿಗೆ ಒಂದು ನಿಮಿಷ ಕಳೆದಿರುತ್ತಿತ್ತು. ಶ್ರಮ ನಿಂತ ತಕ್ಷಣ ವೇಗಸ್ ನರ ಹೃದಯಕ್ಕೆ ಮತ್ತೆ ಲಗಾಮು ಹಾಕುತ್ತದೆ. ಮೊದಲ ನಿಮಿಷದಲ್ಲೇ ಬಡಿತ ಸರ್ರನೆ ಇಳಿಯುತ್ತದೆ, ಅದರಲ್ಲೂ ಮೈ ಪಳಗಿದವರಲ್ಲಿ ಇನ್ನೂ ಬೇಗ. ಹುಡುಗ ಗಟ್ಟಿಗನಾದಷ್ಟೂ ನನ್ನ ತಡ ಅವನನ್ನು ಇನ್ನಷ್ಟು ಗಟ್ಟಿಗನಾಗಿ ತೋರಿಸುತ್ತಿತ್ತು. ಒಂದೇ ಒಂದು ಬಡಿತ ತಪ್ಪಿ ಎಣಿಸಿದರೂ ಉತ್ತರದಲ್ಲಿ 1.68 ವ್ಯತ್ಯಾಸ.

ಮುಂದಿನ ವಾರ ಒಬ್ಬೊಬ್ಬನಿಗೂ ಒಬ್ಬ ಎಣಿಸುವವನನ್ನು ಕೊಟ್ಟೆ. ಎರಡು ದಿನ ಕಲಿಸಬೇಕಾಯಿತು: ತೋರುಬೆರಳು, ನಡುಬೆರಳು ಇಡಬೇಕು, ಹೆಬ್ಬೆರಳು ಇಟ್ಟರೆ ನಿಮ್ಮದೇ ನಾಡಿ ಬಡಿದೀತು ಅಂತ. ಕಬ್ಬು ಕಡಿಯುವ ಹುಡುಗನಿಗೆ ಈ ಸಲ 38. ಅಂದರೆ 152, ಲೆಕ್ಕ 47.49. ಒಳ್ಳೆಯ ಅಂಕಿಯೇ, ಆದರೆ ಅವನ ಮುಖ ಸಪ್ಪಗಾಯಿತು.

"ಒಂದ್ ವಾರಕ್ಕೇ ಹನ್ನೆರ್ಡು ಕಮ್ಮಿ ಆಗೋಯ್ತಾ ಸಾ?"

"ನಿಂದಲ್ಲ ಕಣ್ಲಾ, ಕಮ್ಮಿ ಆಗಿದ್ದು ನಂದು" ಅಂದೆ. ಬೋರ್ಡಿನ ಹಾಳೆಯನ್ನು ಅವನೆದುರೇ ಕಿತ್ತೆ. ಈಗ ಎಣಿಸುವವರ ಗುಂಪಿಗೆ ಅವನೇ ಮುಂದಾಳು. ಟೆಸ್ಟ್ ಮುಗಿದದ್ದೇ ಯಾರಾದರೂ ಬೆಂಚಿನ ಮೇಲೆ ಕುಕ್ಕರಿಸಿದರೆ, "ನಿಂತ್ಕೊಳ್ಲಾ, ಐದ್ ಸೆಕೆಂಡಾಯ್ತು" ಅಂತ ರಟ್ಟೆ ಹಿಡಿದು ಎಬ್ಬಿಸುತ್ತಾನೆ.