ಪಿಕಪ್‌ನ ಗೇರ್‌ಬಾಕ್ಸ್ ಚೇಂಬರ್ ಬಿಚ್ಚುವ ಮೊದಲು ಮೇಲಿನ ಪ್ಲಗ್ ಬಿಚ್ಚಿ ನೋಡಿ

ಮಲ್ಪೆ ಬಂದರಿಗೆ ದಿನಾ ಹೋಗಿ ಬರುವ ಗಾಡಿಯ ಅಡಿಭಾಗವನ್ನು ಒಮ್ಮೆ ಟಾರ್ಚ್ ಹಾಕಿ ನೋಡಿ. ಮೀನಿನ ಬಾಕ್ಸ್‌ನಿಂದ ಸೋರುವ ಉಪ್ಪು ನೀರು, ಕಡಲ ಗಾಳಿ, ಅದರ ಮೇಲೆ ನಾಲ್ಕು ತಿಂಗಳ ಮಳೆ. ಚಾಸಿಗೆ ಪೇಂಟ್ ಹೊಡೆಸುತ್ತೇವೆ, ಆದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಅಡಿಗೆ ಇರುವ ತಗಡಿನ ಪ್ಯಾನ್, ಗ್ಯಾರೇಜಿನವರು ಚೇಂಬರ್ ಅನ್ನುತ್ತಾರಲ್ಲ, ಅದನ್ನು ಯಾರೂ ನೋಡುವುದಿಲ್ಲ. ನನ್ನ ಗಾಡಿಯದ್ದು ಅಂಚಿನಲ್ಲಿ ತುಕ್ಕು ತಿಂದು ಆಯಿಲ್ ಜಿನುಗುತ್ತಿತ್ತು. ಅಂಗಳದ ಇಂಟರ್‌ಲಾಕ್ ಮೇಲೆ ಕೆಂಪು ಕಲೆ ಕಂಡ ಮೇಲೆ ನನಗೆ ಗೊತ್ತಾಯಿತು.

"ಇದು ಲೈಫ್‌ಟೈಮ್ ಆಯಿಲ್, ಮುಟ್ಟಬೇಡಿ" ಅಂತ ನಿಮಗೂ ಯಾರಾದರೂ ಹೇಳಿರಬಹುದು. ದಯವಿಟ್ಟು ನಂಬಬೇಡಿ. ಲೋಡ್ ಹಾಕಿ ಆಗುಂಬೆಯ 14 ತಿರುವು ಹತ್ತುವ ಗಾಡಿ, ಶಿರಾಡಿಯಲ್ಲಿ ಲಾರಿಗಳ ಹಿಂದೆ ತೆವಳುವ ಗಾಡಿ, ಇವುಗಳ ಗೇರ್‌ಬಾಕ್ಸ್ ಆಯಿಲ್ ಜಾಸ್ತಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಬೇಗ ಹಾಳಾಗುತ್ತದೆ. ಪತ್ತನಾಜೆಯ (ಮೇ ಕೊನೆಗೆ ಬರುವ ತುಳುನಾಡಿನ ದಿನ) ಮೊದಲೇ, ನೆಲ ಒಣಗಿರುವಾಗಲೇ ಪ್ಯಾನ್ ಬಿಚ್ಚಿ ಆಯಿಲ್, ಫಿಲ್ಟರ್ ಬದಲಿಸುವ ಈ ಕೆಲಸ ಮುಗಿಸಿಕೊಳ್ಳಿ. ಮಳೆ ಹಿಡಿದ ಮೇಲೆ ತೆರೆದ ಗೇರ್‌ಬಾಕ್ಸಿನ ಕೆಳಗೆ ಮಲಗುವುದು ಬೇಡ, ಒಂದು ಹನಿ ನೀರೂ ಒಳಗೆ ಹೋಗಬಾರದು.

ಬೇಕಾದದ್ದು ಹೊಸ ಪ್ಯಾನ್ (ಹಳೆಯದರ ತುಕ್ಕು ಮೇಲ್ಮೇಲೆ ಮಾತ್ರ ಇದ್ದರೆ ಉಜ್ಜಿ ಪೇಂಟ್ ಹೊಡೆದರೂ ಆದೀತು), ಫಿಲ್ಟರ್, ಅದರ ಓ-ರಿಂಗ್ (ರಬ್ಬರ್ ಬಳೆ), ಗ್ಯಾಸ್ಕೆಟ್ (ಪ್ಯಾನಿನ ಅಂಚಿಗೆ ಕೂರುವ ಸೀಲ್), ಡ್ರೈನ್ ಪ್ಲಗ್‌ನ ವಾಷರ್, ಆಯಿಲ್ ತುಂಬಿಸಲು ಕೈ ಪಂಪ್, ಸಣ್ಣ ಟಾರ್ಕ್ ರೆಂಚ್ (ಬೋಲ್ಟ್ ಎಷ್ಟು ಬಿಗಿಯಾಯಿತು ಅಂತ ತೋರಿಸುವ ಪಾನಾ). ಆಯಿಲ್ ಮಾತ್ರ ಗಾಡಿಯ ಪುಸ್ತಕದಲ್ಲಿ ಹೇಳಿದ್ದೇ ಆಗಬೇಕು. ಟೊಯೋಟಾ ಹೈಲಕ್ಸ್‌ಗೆ ಡಬ್ಲ್ಯುಎಸ್ (ಟೊಯೋಟಾದ ಗೇರ್‌ಬಾಕ್ಸ್ ಆಯಿಲ್ ಗ್ರೇಡ್) ಆಯಿಲ್ ಅಂದರೆ ಅದೇ, ಅಂಗಡಿಯವರು "ಇದೂ ಕೆಂಪೇ, ಎಲ್ಲ ಒಂದೇ" ಅಂತ ಬೇರೆ ಡಬ್ಬ ಕೊಟ್ಟರೆ ವಾಪಸ್ ಕೊಡಿ. ಬಣ್ಣ ನೋಡಿ ಆಯಿಲ್ ತಗೊಳ್ಳುವ ಹಾಗಿಲ್ಲ.

ಹಿಂದಿನ ದಿನ ಸಂಜೆಯೇ ಪ್ಯಾನಿನ ಬೋಲ್ಟ್‌ಗಳಿಗೆಲ್ಲ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡಿ. ನಮ್ಮ ಕಡೆ ಇದು ಬಿಟ್ಟರೆ ಆಗುವುದೇ ಇಲ್ಲ, ಒಂದು ಬೋಲ್ಟ್ ತುಂಡಾದರೂ ಅರ್ಧ ದಿನ ಹೋಯಿತು.

ಬೆಳಿಗ್ಗೆ ಗಾಡಿಯನ್ನು ಮಟ್ಟವಾದ ಜಾಗದಲ್ಲಿ ನಿಲ್ಲಿಸಿ, ಚಕ್ರಕ್ಕೆ ಅಡ್ಡ ಕೊಡಿ. ಎತ್ತರದ ಪಿಕಪ್ ಆದರೆ ಜಾಕ್ ಇಲ್ಲದೆ ಅಡಿಗೆ ನುಗ್ಗಬಹುದು, ಅದೇ ಒಳ್ಳೆಯದು. ಎತ್ತಲೇಬೇಕಾದರೆ ನಾಲ್ಕೂ ಕಡೆ ಸ್ಟ್ಯಾಂಡ್ ಕೊಟ್ಟು ಮಟ್ಟ ಮಾಡಿ, ಮಣ್ಣಿನ ಅಂಗಳವಾದರೆ ಸ್ಟ್ಯಾಂಡಿನ ಅಡಿಗೆ ದಪ್ಪ ಹಲಗೆ ಇಡಿ. ಬರೀ ಜಾಕ್ ನಂಬಿ ಒಳಗೆ ಹೋಗಲೇಬೇಡಿ ಮಾರಾಯ್ರೇ.

ಈಗ ಮುಖ್ಯ ವಿಷಯ. ಕೆಳಗಿನ ಡ್ರೈನ್ ಪ್ಲಗ್ ಮುಟ್ಟುವ ಮೊದಲು ಆಯಿಲ್ ತುಂಬಿಸುವ ಪ್ಲಗ್ ಬಿಚ್ಚುತ್ತದಾ ನೋಡಿ. ಡಿಪ್‌ಸ್ಟಿಕ್ (ಆಯಿಲ್ ಲೆವೆಲ್ ನೋಡುವ ಕಡ್ಡಿ) ಇಲ್ಲದ ಗಾಡಿಗಳಲ್ಲಿ ಅದು ಗೇರ್‌ಬಾಕ್ಸಿನ ಬದಿಯಲ್ಲಿ ಉಂಟು. ಇರುವ ಆಯಿಲ್ ಎಲ್ಲ ಖಾಲಿ ಮಾಡಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ, ಟೋ ಮಾಡಿಸಬೇಕು. ಅದು ಬಿಚ್ಚಿತು ಅಂದ ಮೇಲೆ ಕೆಳಗಿನದು ಬಿಚ್ಚಿ. ಇಳಿದ ಆಯಿಲನ್ನು ಅಳತೆ ಇರುವ ಡಬ್ಬದಲ್ಲಿ ಹಿಡಿಯಿರಿ, ಈ ಲೆಕ್ಕ ಆಮೇಲೆ ಬೇಕು.

ಡ್ರೈನ್ ಆದ ಮೇಲೂ ಪ್ಯಾನಿನಲ್ಲಿ ಆಯಿಲ್ ಉಳಿದಿರುತ್ತದೆ. ಆದ್ದರಿಂದ ಒಂದು ಮೂಲೆಯ ಎರಡು ಬೋಲ್ಟ್ ಸಡಿಲ ಮಾಡಿ ಬಿಟ್ಟು, ಬೇರೆಯವನ್ನು ತೆಗೆದು, ಒಂದು ಬದಿಯಿಂದ ನಿಧಾನ ಓರೆ ಮಾಡಿ ಇಳಿಸಿ. ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಮೇಲಿನ ಅಲ್ಯೂಮಿನಿಯಂ ಮುಖಕ್ಕೆ ಗೀರು ಬಿದ್ದರೆ ಹೊಸ ಗ್ಯಾಸ್ಕೆಟ್ ಹಾಕಿದರೂ ಲೀಕ್ ನಿಲ್ಲುವುದಿಲ್ಲ.

ಇಳಿಸಿದ ಪ್ಯಾನನ್ನು ಕೂಡಲೇ ತೊಳೆಯಬೇಡಿ. ಗೇರ್‌ಬಾಕ್ಸ್ ಒಳಗೆ ಏನು ನಡೆಯುತ್ತಿದೆ ಅಂತ ನೋಡಲು ಸಿಗುವುದು ಇದೊಂದೇ ಸಲ. ಅಡಿಯಲ್ಲಿ ಅಯಸ್ಕಾಂತಗಳಿರುತ್ತವೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆ ಕೆಸರು ಕೂತಿದ್ದರೆ ಹೆದರಬೇಡಿ, ಅದು ಸಹಜ ಸವೆತ. ಬೆರಳಲ್ಲಿ ಉಜ್ಜಿದಾಗ ಚುಚ್ಚುವ ಕಬ್ಬಿಣದ ಚೂರು ಸಿಕ್ಕರೆ, ಹಿತ್ತಾಳೆ ಬಣ್ಣದ ಪುಡಿ ಕಂಡರೆ, ಕಪ್ಪು ಪುಡಿ ರಾಶಿ ಬಿದ್ದು ಆಯಿಲ್ ಸುಟ್ಟ ವಾಸನೆ ಹೊಡೆದರೆ, ಒಳಗೆ ಬೇರಿಂಗೋ ಬುಶ್ಶೋ ಕ್ಲಚ್ ಪ್ಲೇಟೋ ಹೋಗುತ್ತಿದೆ ಅಂತ ಅರ್ಥ. ಆಗ ಹೊಸ ಫಿಲ್ಟರ್ ಹಾಕಿ ಪ್ರಯೋಜನವಿಲ್ಲ, ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ. ಆಯಿಲ್ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಅಯಸ್ಕಾಂತ ಎಲ್ಲೆಲ್ಲಿ ಇತ್ತು ಅಂತ ಮೊಬೈಲಲ್ಲಿ ಫೋಟೋ ತೆಗೆದಿಡಿ.

ಫಿಲ್ಟರ್ ಕೆಲವೇ ಬೋಲ್ಟ್‌ನಲ್ಲಿ ಕೂತಿರುತ್ತದೆ. ಉದ್ದ ಗಿಡ್ಡ ಬೋಲ್ಟ್ ಇದ್ದರೆ ಅದಲು ಬದಲು ಮಾಡಬೇಡಿ. ಎಳೆದಾಗ ಹಳೆಯ ಓ-ರಿಂಗ್ ಕೆಲವು ಸಲ ಮೇಲೆ ತೂತಿನಲ್ಲೇ ಉಳಿದುಬಿಡುತ್ತದೆ. ನಾನು ಮೊದಲ ಸಲ ಇದನ್ನು ನೋಡದೆ ಹೊಸದನ್ನು ಒತ್ತಿ ಕೂರಿಸಿದ್ದೆ. ಸೀಲ್ ಸರಿಯಾಗಿ ಕೂರದೆ ಪಂಪ್ ಗಾಳಿ ಎಳೆಯಿತು, ಗೇರ್ ಡಿಗೆ ಹಾಕಿದರೂ ಗಾಡಿ ಮುಂದೆ ಹೋಗಲಿಲ್ಲ, ಮತ್ತೆ ಎಲ್ಲ ಬಿಚ್ಚಬೇಕಾಯಿತು. ಟಾರ್ಚ್ ಹಾಕಿ ನೋಡಿ, ಬೆರಳು ಹಾಕಿ ಮುಟ್ಟಿ ನೋಡಿ. ಹೊಸ ರಿಂಗ್‌ಗೆ ಸ್ವಲ್ಪ ಹೊಸ ಆಯಿಲ್ ಸವರಿ ಕೈಯಲ್ಲೇ ಒತ್ತಿ.

ಪ್ಯಾನ್ ಒರೆಸಲು ನೂಲು ಬಿಡುವ ಬನಿಯನ್ ವೇಸ್ಟ್ ಬೇಡ, ಆ ನೂಲು ಹೋಗಿ ವಾಲ್ವ್‌ನಲ್ಲಿ ಸಿಕ್ಕಿಕೊಳ್ಳುತ್ತದೆ. ಗ್ಯಾಸ್ಕೆಟ್ ಇರುವ ಗಾಡಿಗೆ ಅದರ ಮೇಲೆ ಅನಾಬಾಂಡ್ (ಲೀಕ್ ತಡೆಯುವ ಅಂಟು) ಬಳಿಯಬೇಡಿ. ಬೋಲ್ಟ್ ಎಲ್ಲ ಕೈಯಲ್ಲಿ ಕೂರಿಸಿ, ಎದುರು ಬದುರಾಗಿ ಎರಡು ಮೂರು ಸುತ್ತಿನಲ್ಲಿ ಬಿಗಿ ಮಾಡಿ. ಸಣ್ಣ ಬೋಲ್ಟ್‌ಗಳಿವು, ಟಾರ್ಕ್ ಹೆಚ್ಚಾಗಿ 10 ನ್ಯೂಟನ್ ಮೀಟರ್ ಆಸುಪಾಸು, ನಿಮ್ಮ ಗಾಡಿಯ ಸರಿಯಾದ ಅಂಕಿ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ನೋಡಿ. ಲೀಕ್ ಆಗಬಾರದು ಅಂತ ಜೋರು ಬಿಗಿ ಮಾಡಿದರೆ ಪ್ಯಾನಿನ ಅಂಚು ಬಾಗಿ ಅಲ್ಲಿಂದಲೇ ಲೀಕ್ ಶುರು.

ಇಳಿದಷ್ಟೇ ಅಳತೆಯ ಹೊಸ ಆಯಿಲ್ ಮೇಲಿನ ಪ್ಲಗ್‌ನಿಂದ ಹಾಕಿ. ಇಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಒತ್ತಿ ಹಿಡಿದು, ಪಿ, ಆರ್, ಎನ್, ಡಿ ಪ್ರತಿಯೊಂದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿಗೆ ತನ್ನಿ. ಡಿಪ್‌ಸ್ಟಿಕ್ ಇಲ್ಲದ ಗಾಡಿಯಲ್ಲಿ ಇಂಜಿನ್ ಓಡುತ್ತಿರುವಾಗಲೇ ಓವರ್‌ಫ್ಲೋ ಪ್ಲಗ್ (ಹೆಚ್ಚಾದ ಆಯಿಲ್ ಹೊರಬಿಡುವ ಪ್ಲಗ್) ಬಿಚ್ಚಿ ಲೆವೆಲ್ ನೋಡಬೇಕು, ಆಯಿಲ್ ಸಣ್ಣ ಎಳೆಯಾಗಿ ಇಳಿದು ಹನಿಗೆ ಬಂದಾಗ ಪ್ಲಗ್ ಹಾಕಬೇಕು. ಏನೂ ಇಳಿಯದಿದ್ದರೆ ಇನ್ನಷ್ಟು ಹಾಕಿ. ಆದರೆ ಇದು ಆಯಿಲ್ ಇಂತಿಷ್ಟು ಬಿಸಿ ಇರುವಾಗ ಮಾತ್ರ ಸರಿ, ಹಲವು ಗಾಡಿಗಳಲ್ಲಿ 40 ಡಿಗ್ರಿ ಸುತ್ತಮುತ್ತ. ಮಂಗಳೂರಿನಲ್ಲಿ ಏಪ್ರಿಲ್ ಮಧ್ಯಾಹ್ನ ಗಾಳಿಯೇ 33, 34 ಡಿಗ್ರಿ ಇರುತ್ತದಲ್ವಾ, ಇಂಜಿನ್ ಸ್ವಲ್ಪ ಓಡಿದರೆ ಆ ಹಂತ ದಾಟಿಬಿಡುತ್ತದೆ, ಬಿಸಿಗೆ ಹಿಗ್ಗಿದ ಆಯಿಲ್ ಜಾಸ್ತಿ ಹೊರಗೆ ಹರಿದು ಲೆವೆಲ್ ಕಡಿಮೆಯಾಗುತ್ತದೆ. ಅದಕ್ಕೇ ಲೆವೆಲ್ ಕೆಲಸ ಬೆಳಿಗ್ಗೆ ತಂಪಿನಲ್ಲೇ ಆಗಲಿ. ಗಾಡಿಯ ಕಂಪ್ಯೂಟರಿಗೆ ಸಿಕ್ಕಿಸುವ ಸಣ್ಣ ಓಬಿಡಿ ಸ್ಕ್ಯಾನರ್ ಇದ್ದರೆ ಆಯಿಲ್ ಬಿಸಿ ಮೊಬೈಲಿನಲ್ಲೇ ಕಾಣುತ್ತದೆ.

ಹೀಗೆ ಮಾಡಿದರೆ ಆಯಿಲ್ ಪೂರ್ತಿ ಬದಲಾಗುವುದಿಲ್ಲ, ಟಾರ್ಕ್ ಕನ್ವರ್ಟರ್ (ಇಂಜಿನ್ ಮತ್ತು ಗೇರ್‌ಬಾಕ್ಸ್ ನಡುವೆ ಇರುವುದು) ಮತ್ತು ಆಯಿಲ್ ಕೂಲರ್‌ನಲ್ಲಿ ಹಳೆಯದು ತುಂಬಾ ಉಳಿಯುತ್ತದೆ. ಕೆಲವು ಸಾವಿರ ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಡ್ರೈನ್ ಮಾಡಿ ತುಂಬಿಸಿ, ಪ್ಯಾನ್ ಬಿಚ್ಚಬೇಕಾಗಿಲ್ಲ.

ಹಳೆಯ ಆಯಿಲನ್ನು ತೆಂಗಿನ ಬುಡಕ್ಕೆ, ತೋಡಿಗೆ ಸುರಿಯಬೇಡಿ. ನಮ್ಮ ಮುರಕಲ್ಲಿನ ನೆಲ ನೀರು ಹೀರುವ ಹಾಗೆ ಆಯಿಲನ್ನೂ ಹೀರುತ್ತದೆ, ಅಂಗಳದಲ್ಲೇ ಬಾವಿ ಉಂಟು. ಡಬ್ಬದಲ್ಲಿ ತುಂಬಿಸಿ ಹಳೆ ಆಯಿಲ್ ತಗೊಳ್ಳುವ ಗ್ಯಾರೇಜಿಗೆ ಕೊಡಿ. ಮತ್ತೆ ಮೂರು ನಾಲ್ಕು ರಾತ್ರಿ ಗಾಡಿಯ ಅಡಿಗೆ ಒಂದು ರಟ್ಟು ಹಾಸಿಡಿ, ಬೆಳಿಗ್ಗೆ ಕೆಂಪು ಹನಿ ಕಂಡರೆ ಯಾವ ಬೋಲ್ಟಿನ ಕಡೆಯಿಂದ ಅಂತ ಅಲ್ಲೇ ಗೊತ್ತಾಗುತ್ತದೆ.