ಲಕ್ಷದ್ವೀಪ: ಅದೇ ಜಾಗ, ಅದೇ ಚೌಕಟ್ಟು, ಮತ್ತೆ ಮತ್ತೆ

ಲಕ್ಷದ್ವೀಪಕ್ಕೆ ರಾಜಕೀಯ ಬದಲಾವಣೆ ಹೆಚ್ಚಾಗಿ ಕಾಗದದ ರೂಪದಲ್ಲೇ ಬರುತ್ತದೆ. 2021ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಕರಡು ನಿಯಮಾವಳಿ ಬಂತು, ಅದೇ ವರ್ಷ ಕಡಲತೀರದ ಮೀನುಗಾರರ ಶೆಡ್ಡುಗಳು ತೆರವಾದವು. 2024ರಲ್ಲಿ ಪಂಡಾರಂ ಭೂಮಿಯ, ಅಂದರೆ ಸರ್ಕಾರ ತನ್ನದೆನ್ನುವ, ದ್ವೀಪದವರು ತಲೆಮಾರುಗಳಿಂದ ಬಳಸುತ್ತ ಬಂದ ಭೂಮಿಯ, ಸರ್ವೆಗೆ ಆದೇಶವಾಯಿತು. 2025ರ ಜುಲೈನಲ್ಲಿ ಬಿತ್ರಾ ದ್ವೀಪವನ್ನೇ ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾಪದ ಅಧಿಸೂಚನೆ ಹೊರಟಿತು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಜನ. ಆದೇಶ ಜಾರಿಯಾದ ಮೇಲೆ ಓಡಿಹೋದರೆ ಕ್ಯಾಮೆರಾಗೆ ಸಿಗುವುದು ಖಾಲಿ ಮರಳು. ಹಾಗಾಗಿ ಸುದ್ದಿ ಇಲ್ಲದ ದಿನಗಳಲ್ಲೇ ಶೆಡ್ಡು, ತೆಂಗಿನ ತೋಟದ ಬೇಲಿ, ಜೆಟ್ಟಿ, ಬಾವಿಕಟ್ಟೆಗಳ ಚಿತ್ರ ತೆಗೆದಿಟ್ಟು, ಮುಂದೆ ಅದೇ ಚೌಕಟ್ಟಿಗೆ ಮರಳುವುದೇ ನನ್ನ ಕೆಲಸದ ಬೆನ್ನೆಲುಬು.

ನಿಂತ ಜಾಗ ನಿಖರವಾಗಿರಬೇಕು. ಮೊಬೈಲಿನ ಜಿಪಿಎಸ್ ಕೆಲವು ಮೀಟರ್ ತಪ್ಪುತ್ತದೆ, ಅದನ್ನು ನಂಬಿ ನಿಂತರೆ ಎರಡು ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ನಾನು ಬಳಸುವುದು ಸಾಲುಗೂಡಿಸುವ ಉಪಾಯ: ಹತ್ತಿರದ ವಸ್ತುವಿನ ಅಂಚು ದೂರದ ವಸ್ತುವಿನ ಅಂಚಿಗೆ ಸರಿಯಾಗಿ ತಾಗುವಂತೆ ನಿಲ್ಲುವುದು. ಉದಾಹರಣೆಗೆ ಜೆಟ್ಟಿಯ ಕಂಬದ ಎಡ ಅಂಚು ಮಸೀದಿಯ ಕಿಟಕಿಯ ಬಲ ಅಂಚಿಗೆ. ಇಂಥ ಎರಡು ಜೋಡಿ ಸಿಕ್ಕರೆ ಅಂಗೈಯಗಲದ ಜಾಗಕ್ಕೆ ಮರಳಬಹುದು. ಗುರುತಿಗೆ ಕಾಂಕ್ರೀಟು, ಕಲ್ಲು ಆಗಬೇಕು. ತೆಂಗಿನ ಮರ ಬಾಗುತ್ತದೆ, ಬೀಳುತ್ತದೆ. 35 ಎಂಎಂ ಲೆನ್ಸ್, ಎಫ್/8 ಅಪರ್ಚರ್ (ಲೆನ್ಸಿನ ಕಂಡಿಯ ಅಳತೆ), ಟ್ರೈಪಾಡ್ ಎತ್ತರ 150 ಸೆಂ.ಮೀ. ಇವು ಎಂದೂ ಬದಲಾಗುವುದಿಲ್ಲ. ದಿಕ್ಸೂಚಿಯ ಡಿಗ್ರಿಯನ್ನೂ ಬರೆದಿಡುತ್ತೇನೆ, ಹಳೆಯ ಚಿತ್ರದ ಪ್ರಿಂಟ್ ಕೈಯಲ್ಲೇ ಇರುತ್ತದೆ.

ಇಲ್ಲಿ ದೊಡ್ಡ ಮೋಸ ಮಾಡುವುದು ಉಬ್ಬರ ಇಳಿತ. ಲಗೂನಿನ (ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಿನ) ತಳ ಅಷ್ಟು ಚಪ್ಪಟೆ, ನೀರು ಸ್ವಲ್ಪ ಇಳಿದರೂ ದಡದ ಗೆರೆ ಬಹಳ ದೂರ ಸರಿಯುತ್ತದೆ. ಒಂದು ಚಿತ್ರ ಇಳಿತದಲ್ಲಿ, ಇನ್ನೊಂದು ಉಬ್ಬರದಲ್ಲಿ ತೆಗೆದರೆ ನೋಡುವವರಿಗೆ ತೀರವೇ ಕೊಚ್ಚಿಹೋದಂತೆ ಕಾಣುತ್ತದೆ. ಮಳೆಗಾಲವೂ ಮರಳನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುತ್ತದೆ. ಅದಕ್ಕೇ ಅದೇ ತಿಂಗಳು, ಉಬ್ಬರದ ಅದೇ ಹಂತ. ಎರಡೂ ಹೊಂದದ ಜೋಡಿಯನ್ನು ಸವೆತದ ಸಾಕ್ಷಿಯಾಗಿ ನಾನು ಎಲ್ಲಿಯೂ ಕೊಡುವುದಿಲ್ಲ.

ಹವಳದ ಮರಳು ಕಣ್ಣು ಕುಕ್ಕುವಷ್ಟು ಬಿಳಿ. ಕ್ಯಾಮೆರಾದ ಬೆಳಕಿನ ಮೀಟರ್ ಅದನ್ನು ಬೂದು ಮಾಡಲು ಹೋಗಿ ಮುಖಗಳನ್ನು ಕಪ್ಪಾಗಿಸುತ್ತದೆ. ಮುಕ್ಕಾಲು ಸ್ಟಾಪ್‌ನಿಂದ ಒಂದು ಸ್ಟಾಪ್ ತನಕ ಬೆಳಕಿನ ಮಟ್ಟ (ಎಕ್ಸ್‌ಪೋಶರ್) ಏರಿಸಿ, ರಾ ಫೈಲಿನಲ್ಲೇ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲು) ತೆಗೆಯಿರಿ.

ಬದುಕು ಎಂದರೆ ದುಡಿಮೆ, ಅದಿಲ್ಲದೆ ದಾಖಲೆ ಬರೀ ಪ್ರತಿಭಟನೆಯ ಆಲ್ಬಮ್ ಆಗುತ್ತದೆ. ಮಿನಿಕಾಯ್‌ನಲ್ಲಿ ಗಾಳಕೋಲಿನಿಂದ ಟ್ಯೂನಾ ಹಿಡಿಯುತ್ತಾರೆ. ಮೊದಲು ಲಗೂನಿನಲ್ಲಿ ಸಣ್ಣ ಮೀನು ಹಿಡಿದು ದೋಣಿಯ ನೀರಿನ ತೊಟ್ಟಿಯಲ್ಲಿ ಜೀವಂತ ಇಟ್ಟುಕೊಳ್ಳುತ್ತಾರೆ. ಟ್ಯೂನಾ ಹಿಂಡು ಕಂಡಾಗ ಆ ಸಣ್ಣ ಮೀನುಗಳನ್ನು ಎರಚುತ್ತ ನೀರು ಚಿಮ್ಮಿಸುತ್ತಾರೆ. ಗಾಳದ ತುದಿಗೆ ಹಿಂಬಾಗಿದ ಮುಳ್ಳಿಲ್ಲ, ಎಳೆದ ಮೀನು ತಲೆಯ ಮೇಲಿಂದ ಹಾರಿ ಹಿಂದೆ ಬೀಳುತ್ತದೆ. ಆದ್ದರಿಂದ ಅವರ ಬೆನ್ನ ಹಿಂದೆ ನಿಲ್ಲಲೇಬಾರದು, ಪಕ್ಕದಲ್ಲಿ ಕೂರಬೇಕು. ಚಿತ್ರದಲ್ಲಿ ಮೀನು ಗಾಳಿಯಲ್ಲಿ ನಿಲ್ಲಬೇಕಾದರೆ ಶಟರ್ ವೇಗ ಸೆಕೆಂಡಿನ 1/1000. ದಡಕ್ಕೆ ಬಂದ ಮೇಲೆ ಸೀಳುವುದು, ಬೇಯಿಸುವುದು, ಹೊಗೆ ಹಾಕುವುದು, ಒಣಗಿಸುವುದು, ಕೊನೆಗೆ ಮಾಸ್ (ಒಣಗಿಸಿದ ಗಟ್ಟಿ ಟ್ಯೂನಾ) ಆಗುವುದು ಎಲ್ಲವನ್ನೂ ಕ್ರಮ ತಪ್ಪದೆ ತೆಗೆಯುತ್ತೇನೆ. ದಡದ ಒಂದು ಶೆಡ್ಡು ಹೋದರೆ ಈ ಸರಪಳಿಯ ಯಾವ ಕೊಂಡಿ ಕಳಚಿತು ಎಂಬುದು ಆಗ ಮಾತ್ರ ಗೊತ್ತಾಗುತ್ತದೆ.

ದೋಣಿಯಲ್ಲಿ ಲೆನ್ಸ್ ಬದಲಿಸಬೇಡಿ, ಎರಡು ಕ್ಯಾಮೆರಾ ಬಾಡಿ ಒಯ್ಯಿರಿ. ಒಣಬಟ್ಟೆಯಲ್ಲಿ ಉಜ್ಜಿದರೆ ಉಪ್ಪಿನ ಹರಳು ಗಾಜಿನ ಲೇಪನ ಗೀಚುತ್ತದೆ; ಮೊದಲು ಸಿಹಿನೀರಲ್ಲಿ ಅದ್ದಿ ಚೆನ್ನಾಗಿ ಹಿಂಡಿದ ಬಟ್ಟೆಯಿಂದ ಒತ್ತಿ ತೆಗೆಯಬೇಕು. ಹಡಗಿನ ಎಸಿ ಕ್ಯಾಬಿನ್ನಿನಿಂದ ಹೊರಬಂದಾಗ ಬ್ಯಾಗನ್ನು ಅರ್ಧ ಗಂಟೆ ತೆರೆಯಬಾರದು, ಲೆನ್ಸಿನೊಳಗೆ ಮಂಜು ಕೂತರೆ ಮುಂದೆ ಫಂಗಸ್ ಆಗುತ್ತದೆ.

ಹೊರಗಿನವರಿಗೆ ಪ್ರವೇಶ ಪರವಾನಗಿ ಬೇಕೇ ಬೇಕು. ಕವರತ್ತಿ, ಮಿನಿಕಾಯ್‌ಗಳಲ್ಲಿ ನೌಕಾನೆಲೆಗಳಿವೆ: ಅತ್ತ ಕ್ಯಾಮೆರಾ ತಿರುಗಿಸಬೇಡಿ, ಅನುಮತಿ ಇಲ್ಲದೆ ಡ್ರೋನ್ ಒಯ್ಯಬೇಡಿ.

ದ್ವೀಪದ ಅರ್ಧ ಕಥೆ ನಮ್ಮ ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿದೆ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಇವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಇಲ್ಲಿಂದ ಮಂಜಿಗಳು (ಸರಕು ಸಾಗಿಸುವ ಹಡಗುಗಳು) ತರಕಾರಿ, ಜಲ್ಲಿ, ಸಿಮೆಂಟು ಹೊತ್ತು ಹೋಗುತ್ತವೆ, ಮಳೆಗಾಲದಲ್ಲಿ ನಿಲ್ಲುತ್ತವೆ. ಕೇರಳದ ಬೇಪೂರು ಬಂದರಿನ ಸರಕನ್ನು ಮಂಗಳೂರಿಗೆ ತಿರುಗಿಸುವ ಮಾತು 2021ರಲ್ಲಿ ವಿವಾದವಾದದ್ದು ನೆನಪಿರಬಹುದು. ಮಂಜಿಗೆ ಏರುವ ಸಾಮಾನು ನೋಡಿದರೆ ದ್ವೀಪದಲ್ಲಿ ಯಾವುದರ ಕಟ್ಟಡ ಏಳುತ್ತಿದೆ ಎಂದು ಊಹಿಸಬಹುದು. ಹಾಗಾಗಿ ಎರಡೂ ದಡದ ಚಿತ್ರ ಬೇಕು.

ಮುಖಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. 2021ರ ಜೂನ್ 7ರಂದು ದ್ವೀಪದವರು ಮನೆಮನೆಯಲ್ಲೇ 12 ಗಂಟೆ ಉಪವಾಸ ಕೂತರು. ಅದೇ ತಿಂಗಳು ಟಿವಿ ಚರ್ಚೆಯ ಒಂದು ಮಾತಿಗೆ ದ್ವೀಪದ ಚಿತ್ರನಿರ್ಮಾಪಕಿಯ ಮೇಲೆ ದೇಶದ್ರೋಹದ ಪ್ರಕರಣ ದಾಖಲಾಯಿತು. ಇಷ್ಟು ಸಣ್ಣ ಊರಲ್ಲಿ ಒಂದು ಬಾಗಿಲು ಕಂಡರೂ ಮನೆ ಯಾರದೆಂದು ತಿಳಿಯುತ್ತದೆ. ತೆಗೆಯುವ ಮೊದಲು ಒಮ್ಮೆ, ಪ್ರಕಟಿಸುವ ಮೊದಲು ಮತ್ತೊಮ್ಮೆ ಕೇಳುತ್ತೇನೆ. ಹೆಂಗಸರ ಚಿತ್ರಕ್ಕೆ ಅವರದೇ ಒಪ್ಪಿಗೆ ಬೇಕು, ಗಂಡಸರು ಹೂಂ ಎಂದರೆ ಸಾಲದು. ಫೈಲುಗಳು ಎರಡು ಸೆಟ್: ಸಂಗ್ರಹದ್ದರಲ್ಲಿ ಸ್ಥಳ, ದಿನ, ಆದೇಶದ ದಿನಾಂಕ ಎಲ್ಲ ಇರುತ್ತದೆ, ಹೊರಗೆ ಹೋಗುವುದರಿಂದ ಜಿಪಿಎಸ್ ಅಳಿಸಿರುತ್ತೇನೆ.

ಪ್ರಿಂಟುಗಳನ್ನು ಆ ಮನೆಯವರಿಗೆ ಕೊಡುವಾಗ ಹಿಂಬದಿಯಲ್ಲಿ ಪೆನ್ಸಿಲಿನಿಂದ ಸ್ಥಳ, ದಿನಾಂಕ ಬರೆಯಿರಿ, ತೇವಕ್ಕೆ ಶಾಯಿ ಹರಡುತ್ತದೆ. ಫ್ರೇಮಿನ ಗಾಜು ಪ್ರಿಂಟಿಗೆ ತಾಗಿದರೆ ಅಂಟಿಕೊಂಡುಬಿಡುತ್ತದೆ. ನಡುವೆ ರಟ್ಟಿನ ಅಂಚು ಕೊಟ್ಟು ಕಟ್ಟಿಸಿ.